ವೆಸ್ಟ್‌ವುಡ್ಡೋ, ರೋಕಾನೋ, ಕ್ವಾಡ್ರಾಟೋ?

ತಿಂಗಳಿಗೊಂದು ಭಾನುವಾರ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ನಾವು ಮೂವರು ಸೇರುತ್ತೇವೆ. ಒಬ್ಬ ಚೆಂಬೂರಿನವನು. ಇನ್ನೊಬ್ಬ ಪುಣೆಯಿಂದ ಡೆಕ್ಕನ್ ಕ್ವೀನ್ ಹಿಡಿದು ದಾದರ್‌ನಲ್ಲಿ ಇಳಿದು ಬರುತ್ತಾನೆ. ಇಡ್ಲಿ ಬರುವವರೆಗೆ ಮನೆ ಬಾಡಿಗೆ, ಮಕ್ಕಳ ಶಾಲೆ, ಆಫೀಸಿನ ಗೋಳು. ಕಾಫಿ ಬರುವ ಹೊತ್ತಿಗೆ ಅದೇ ಹಳೇ ಜಗಳ: ಬೆಂಗಳೂರು ಎಫ್‌ಸಿಗೆ ಬಂದ ಕೋಚ್‌ಗಳಲ್ಲಿ ದೊಡ್ಡವರು ಯಾರು? ಒಮ್ಮೆ ನಮ್ಮ ದನಿ ಏರಿದ್ದನ್ನು ಕೇಳಿ ಪಕ್ಕದ ಟೇಬಲ್‌ನ ಹಿರಿಯರೊಬ್ಬರು, ‘ಆಸ್ತಿ ಎಲ್ಲಿದೆ? ಉಡುಪಿ ಕಡೆಯಾ?’ ಅಂತ ವಿಚಾರಿಸಿದ್ದರು.

ಲಿವರ್‌ಪೂಲ್‌ನವರು ಶಾಂಕ್ಲಿಯೋ ಪೇಸ್ಲಿಯೋ ಎಂದು ಕಿತ್ತಾಡಿದರೆ ಅದಕ್ಕೆ ನೂರು ವರ್ಷ ದಾಟಿದ ಚರಿತ್ರೆಯ ಬೆಂಬಲವಿದೆ. ನಮ್ಮ ಕ್ಲಬ್ ಹುಟ್ಟಿದ್ದು 2013ರಲ್ಲಿ, ಇನ್ನೂ ಮೀಸೆ ಸರಿಯಾಗಿ ಚಿಗುರಿಲ್ಲ. ಆದರೂ ಜಗಳಕ್ಕೆ ಸಾಮಗ್ರಿ ಕಡಿಮೆಯಿಲ್ಲ.

ಚೆಂಬೂರಿನವನು ಆಶ್ಲೇ ವೆಸ್ಟ್‌ವುಡ್ ಪಕ್ಷ. ಅವನ ವಾದ ಸರಳ: ಏನೂ ಇಲ್ಲದ ಕಡೆ ಎಲ್ಲವನ್ನೂ ಕಟ್ಟಿದವನೇ ದೊಡ್ಡವನು. ಅಭಿಮಾನಿಗಳಿಲ್ಲ, ಅಭ್ಯಾಸವಿಲ್ಲ, ಒಟ್ಟಿಗೆ ಆಡಿ ಗೊತ್ತಿಲ್ಲದ ಆಟಗಾರರು. ಅಂಥ ತಂಡ ಮೊದಲ ವರ್ಷವೇ ಐ–ಲೀಗ್ ಗೆದ್ದಿತು, ಅದೂ ಗೋವಾಕ್ಕೆ ಹೋಗಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ. ಆಮೇಲೆ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ–ಲೀಗ್. ಮೂರು ವರ್ಷಕ್ಕೆ ಮೂರು ಕಪ್. ನಡುವಿನ ವರ್ಷದ ಲೀಗ್ ಕೈತಪ್ಪಿದ್ದನ್ನು ಮಾತ್ರ ಅವನು ತಾನಾಗಿ ಹೇಳುವುದಿಲ್ಲ. ನಾವೇ ಕೆದಕಬೇಕು.

2015ರ ಮೇ 31. ಕಂಠೀರವದಲ್ಲಿ ಲೀಗ್‌ನ ಕೊನೆಯ ಪಂದ್ಯ, ಎದುರಾಳಿ ಮೋಹನ್ ಬಾಗಾನ್. ನಮಗೆ ಗೆಲುವೇ ಬೇಕು, ಅವರಿಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲಿನಿಂದ ನಾವು ಮುಂದಿದ್ದೆವು. ಪಂದ್ಯ ಮುಗಿಯಲು ನಾಲ್ಕೈದು ನಿಮಿಷ ಇರುವಾಗ ಬೆಲ್ಲೋ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ಹಾಕಿದರು. 1–1. ಕಪ್ ಕೋಲ್ಕತ್ತಕ್ಕೆ ಹೋಯಿತು. ಚೆಂಬೂರಿನವನು ಅಂದು ಪಶ್ಚಿಮದ ಸ್ಟ್ಯಾಂಡ್‌ನಲ್ಲಿದ್ದ. ಅದೇ ವಾರ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಕೆಲಸಕ್ಕೆ ಬಂದ. ಬೆಂಗಳೂರಿನವನಾಗಿ ಅವನು ನೋಡಿದ ಕೊನೆಯ ಪಂದ್ಯ ಅದು.

ಪುಣೆಯವನದು ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ರೈಕಾರ್ಡ್‌ಗೆ ಸಹಾಯಕರಾಗಿದ್ದ ಮನುಷ್ಯ. ‘ವೆಸ್ಟ್‌ವುಡ್ ಗೆಲ್ಲೋದು ಕಲಿಸಿದ್ರು, ರೋಕಾ ಆಡೋದು ಕಲಿಸಿದ್ರು’ ಅನ್ನುವುದು ಅವನ ಘೋಷವಾಕ್ಯ. 2016ರ ಅಕ್ಟೋಬರ್‌ನಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೊರ್. ಕಂಠೀರವದಲ್ಲಿ ಮೊದಲು ಗೋಲು ಬಿಟ್ಟುಕೊಟ್ಟು, ಆಮೇಲೆ ಛೆಟ್ರಿ ಎರಡು, ಹ್ವಾನಾನ್ ಒಂದು. 3–1. ಆ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಎದುರು 0–1ರಿಂದ ಸೋತೆವು, ಇರಲಿ. ಇದನ್ನು ಹೇಳುವಾಗ ಪುಣೆಯವನು ಕಾಫಿ ಲೋಟ, ನೀರಿನ ಲೋಟ, ಚಟ್ನಿ ಬಟ್ಟಲುಗಳನ್ನೆಲ್ಲ ಜೋಡಿಸಿ ಪಾಸ್‌ಗಳನ್ನು ತೋರಿಸುತ್ತಾನೆ. ಮಾಣಿಗಳಿಗೆ ಈಗ ಅಭ್ಯಾಸವಾಗಿದೆ.

‘ಆ ಟೂರ್ನಿಯಲ್ಲಿ ಗುಂಪು ಹಂತ ದಾಟಿಸಿದ್ದು ಯಾರಪ್ಪ?’ ಅನ್ನುತ್ತಾನೆ ಚೆಂಬೂರಿನವನು. ವೆಸ್ಟ್‌ವುಡ್ಡೇ. ಅಲ್ಲಿಗೆ ಅರ್ಧ ಗಂಟೆ ಹೋಯಿತು ಎಂದೇ ಲೆಕ್ಕ.

ರೋಕಾ ವಿರುದ್ಧ ನನ್ನ ತಕರಾರು ಬೇರೆ. 2017–18ರಲ್ಲಿ ಐಎಸ್‌ಎಲ್‌ಗೆ ಕಾಲಿಟ್ಟ ವರ್ಷವೇ 40 ಪಾಯಿಂಟ್, ಎರಡನೇ ಸ್ಥಾನದ ಚೆನ್ನೈಗಿಂತ 8 ಹೆಚ್ಚು. ಫೈನಲ್ ಕೂಡ ನಮ್ಮ ಅಂಗಳದಲ್ಲೇ. ನಾನು ರಜೆ ಹಾಕಿ ರಾತ್ರಿ ಬಸ್‌ನಲ್ಲಿ ಬೆಂಗಳೂರಿಗೆ ಹೋಗಿದ್ದೆ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು ಹೊಡೆದರು. ಆಮೇಲೆ ಎರಡು ಕಾರ್ನರ್, ಎರಡೂ ಸಲ ಮೈಲ್ಸನ್ ಆಲ್ವೆಸ್ ತಲೆ. 2–3ರಿಂದ ಸೋತೆವು. ಇಡೀ ಋತು ಚೆಂಡನ್ನು ಚಂದವಾಗಿ ಆಡಿಸಿದ ತಂಡಕ್ಕೆ ಒಬ್ಬ ಎತ್ತರದ ಡಿಫೆಂಡರ್‌ನನ್ನು ಹಿಡಿದು ನಿಲ್ಲಿಸಲು ಆಗಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಹುಬ್ಬಳ್ಳಿ ದಾಟಿದರೂ ನಿದ್ದೆ ಬಂದಿರಲಿಲ್ಲ. ಆ ಏಪ್ರಿಲ್‌ನಲ್ಲಿ ಸೂಪರ್ ಕಪ್ ಗೆದ್ದು ರೋಕಾ ಹೊರಟುಹೋದರು.

ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಜಾಗ ತುಂಬಿದರು. ಅಪ್ಪನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಗೆ ಬಂದು ಕೂತ ಮಗ ಎಂದು ಪುಣೆಯವನು ಇವತ್ತಿಗೂ ಹಂಗಿಸುತ್ತಾನೆ. ಆದರೆ 2019ರ ಮಾರ್ಚ್ 17ರಂದು ಫೈನಲ್ ನಡೆದದ್ದು ಎಲ್ಲಿ? ಮುಂಬೈನಲ್ಲಿ, ಅಂಧೇರಿಯಲ್ಲಿ, ನಮ್ಮ ಮನೆಯಿಂದ ಎರಡು ರಿಕ್ಷಾ ದೂರದಲ್ಲಿ! ನಾನು ಬೆಂಗಳೂರು ಬಿಟ್ಟಾಗ ಈ ಕ್ಲಬ್ಬೇ ಇರಲಿಲ್ಲ. ವರ್ಷಗಟ್ಟಲೆ ಮುಂಬೈನಲ್ಲಿ ಕುಳಿತು ಟಿವಿಯಲ್ಲಿ ಬೆಂಬಲಿಸಿದ್ದ ತಂಡ ತಾನಾಗಿ ನನ್ನ ಬಾಗಿಲಿಗೆ ಬಂದಿತ್ತು. ಎದುರಾಳಿ ಎಫ್‌ಸಿ ಗೋವಾ. ಹೆಚ್ಚುವರಿ ಸಮಯದಲ್ಲಿ ಅವರ ಜಾಹೂಗೆ ಕೆಂಪು ಕಾರ್ಡ್. ಪೆನಾಲ್ಟಿಗೆ ಹೋಗುತ್ತದೆ ಎಂದು ಉಗುರು ಕಚ್ಚುತ್ತಿದ್ದಾಗ 117ನೇ ನಿಮಿಷದಲ್ಲಿ ದಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ರಾಹುಲ್ ಭೇಕೆ ತಲೆಕೊಟ್ಟರು. ಕಂಬಕ್ಕೆ ಬಡಿದು ಒಳಗೆ. ಹಿಂದಿನ ವರ್ಷ ನಮ್ಮನ್ನು ಕೊಂದ ಕಾರ್ನರ್ ಈ ವರ್ಷ ಕಪ್ ಕೊಟ್ಟಿತು. ಇದು ಕೋಚ್ ಕಲಿತ ಪಾಠವೋ ಕಾಕತಾಳೀಯವೋ ಎಂಬುದರ ಮೇಲೆಯೇ ನಮ್ಮ ಎರಡು ಭಾನುವಾರಗಳು ಖರ್ಚಾಗಿವೆ.

ಒಂದು ಸಲ ನನ್ನ ಹೆಂಡತಿಯೂ ಹೋಟೆಲಿಗೆ ಬಂದಿದ್ದಳು. ಎಲ್ಲ ಕೇಳಿಸಿಕೊಂಡು, ‘ನೀವು ಕೋಚ್ ಆರಿಸ್ತಿಲ್ಲ, ಯಾರು ಯಾವ ಮ್ಯಾಚ್ ಸ್ಟೇಡಿಯಂನಲ್ಲಿ ಕೂತು ನೋಡಿದ್ರಿ ಅಂತ ಹೇಳ್ತಿದ್ದೀರಿ ಅಷ್ಟೇ’ ಅಂದಳು. ಮೂವರೂ ಬಿಲ್ ಕೊಡಲು ಎದ್ದೆವು.

ಆಮೇಲೂ ಕೋಚ್‌ಗಳು ಬಂದರು, ಹೋದರು. ಸೈಮನ್ ಗ್ರೇಸನ್ 2022ರಲ್ಲಿ ಡುರಾಂಡ್ ಕಪ್ ಗೆಲ್ಲಿಸಿದರು, ಮುಂದಿನ ವರ್ಷ ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತರು. ನಮ್ಮ ಟೇಬಲ್‌ನಲ್ಲಿ ಅವರಿಗೆ ವಕೀಲರಿಲ್ಲ.

ನನ್ನ ನಿಜವಾದ ತೀರ್ಪು ಕೇಳಿದರೆ, ಅಂಧೇರಿಯ ಆ ರಾತ್ರಿಯನ್ನು ಪಕ್ಕಕ್ಕಿಟ್ಟು ಹೇಳುವುದಾದರೆ, ವೆಸ್ಟ್‌ವುಡ್ಡೇ. ಉಳಿದಿಬ್ಬರಿಗೆ ಗೆದ್ದು ಅಭ್ಯಾಸವಿದ್ದ ತಂಡ ಸಿಕ್ಕಿತು, ಆ ಅಭ್ಯಾಸ ಮಾಡಿಸಿದವರು ಅವರು. ಇದನ್ನು ಚೆಂಬೂರಿನಲ್ಲಿ ಮಾತ್ರ ಹೇಳಿಲ್ಲ. ಈ ಅಂಕಣ ಅವನ ಕಣ್ಣಿಗೆ ಬೀಳದಿರಲಿ.

2025ರ ಜೂನ್‌ನಲ್ಲಿ ಭಾರತ ತಂಡ ಏಷ್ಯಾ ಕಪ್ ಅರ್ಹತಾ ಪಂದ್ಯಕ್ಕೆ ಹಾಂಗ್‌ಕಾಂಗ್‌ಗೆ ಹೋಗಿತ್ತು. ನಮ್ಮ ಕಡೆ ಛೆಟ್ರಿ, ಅವರ ಕಡೆ ಕೋಚ್ ಆಗಿ ಅದೇ ವೆಸ್ಟ್‌ವುಡ್. ಪಂದ್ಯ ಮುಗಿಯುವ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿ ಹಾಂಗ್‌ಕಾಂಗ್ 1–0ರಿಂದ ಗೆದ್ದಿತು. ರಾತ್ರಿ ಚೆಂಬೂರಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದ.

‘ಕೊನೇ ನಿಮಿಷದಲ್ಲಿ ಗೆಲ್ಲೋದು ಈಗ ಕಲಿತಿದ್ದಾರೆ ನೋಡು’ ಅಂದ. ‘ಹತ್ತು ವರ್ಷ ತಡ ಆಯ್ತು.’