ವಿದ್ಯುತ್ತಿನ ಲೆಕ್ಕಿಗ

ವಿದ್ಯುಚ್ಛಕ್ತಿಯು ಇಂದು ನಮ್ಮ ಮನೆಗಳಲ್ಲಿ ಮಾಡದ ಕೆಲಸವಿಲ್ಲ. ಅದು ದೀಪ ಬೆಳಗುತ್ತದೆ, ನೀರು ಕಾಯಿಸುತ್ತದೆ, ಹಿಟ್ಟು ರುಬ್ಬುತ್ತದೆ, ಬಾವಿಯ ನೀರನ್ನು ಮೇಲಕ್ಕೆತ್ತುತ್ತದೆ. ಇಷ್ಟು ಉಪಕಾರಿಯಾದ ಈ ಶಕ್ತಿಯೇ ತನ್ನ ದಾರಿ ಬಿಟ್ಟು ಮನುಷ್ಯನ ದೇಹದ ಮೂಲಕ ಹರಿದರೆ ಕ್ಷಣಮಾತ್ರದಲ್ಲಿ ಪ್ರಾಣಾಪಾಯ ಒದಗುತ್ತದೆ. ‘ಮನೆಯಲ್ಲಿ ಫ್ಯೂಸ್ ಇದೆಯಲ್ಲ, ಭಯವೇಕೆ?’ ಎಂದು ಅನೇಕರು ನೆಮ್ಮದಿಯಿಂದಿರುತ್ತಾರೆ. ಈ ನೆಮ್ಮದಿ ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರ ಮಾಡೋಣ.

ಫ್ಯೂಸಿನ ಕರ್ತವ್ಯ ತಂತಿಯನ್ನು ಕಾಪಾಡುವುದು. ಮಿತಿಮೀರಿದ ಪ್ರವಾಹ ಹರಿದು ತಂತಿ ಕಾದು ಬೆಂಕಿ ಹತ್ತದಂತೆ ಅದು ತಾನು ಕರಗಿ ಮಂಡಲವನ್ನು ಕಡಿಯುತ್ತದೆ. ನೀರು ಕಾಯಿಸುವ ಗೀಸರಿನ ಮಂಡಲದಲ್ಲಿ ಸಾಮಾನ್ಯವಾಗಿ 16 ಆಂಪಿಯರಿನ ಫ್ಯೂಸನ್ನೋ ಅದೇ ಕೆಲಸ ಮಾಡುವ ಸ್ವಯಂಚಾಲಿತ ಸ್ವಿಚ್ಚನ್ನೋ ಇಟ್ಟಿರುತ್ತಾರೆ. ಒದ್ದೆ ಮೈಯ ವ್ಯಕ್ತಿಯೊಬ್ಬನು ಅಲ್ಲಿ 230 ವೋಲ್ಟಿನ ಸಜೀವ ತಂತಿಯನ್ನು ಮುಟ್ಟಿದನೆಂದು ಭಾವಿಸೋಣ. ಅವನ ದೇಹದ ರೋಧ ಸುಮಾರು 1000 ಓಂ ಆಗಿದ್ದರೆ, ಓಂನ ನಿಯಮದಂತೆ ಅವನ ಮೂಲಕ 0.23 ಆಂಪಿಯರ್, ಎಂದರೆ 230 ಮಿಲಿಆಂಪಿಯರ್ ಪ್ರವಾಹ ಭೂಮಿಗೆ ಹರಿಯುತ್ತದೆ. 60 ವಾಟಿನ ಒಂದು ಬಲ್ಬು ಬೆಳಗಲು ಬೇಕಾಗುವ ಪ್ರವಾಹವೂ ಇದಕ್ಕಿಂತ ತುಸು ಹೆಚ್ಚು! 16 ಆಂಪಿಯರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಹೃದಯದ ಲಯ ತಪ್ಪಿಸಿ ಮನುಷ್ಯನನ್ನು ಕೊಲ್ಲಲು ಇಷ್ಟು ಧಾರಾಳವಾಗಿ ಸಾಕು.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯೆಲ್ ವಿದ್ಯುದಾಘಾತವನ್ನು ಕುರಿತು ಸ್ವಯಂಸೇವಕರ ಮೇಲೆ ಎಚ್ಚರಿಕೆಯಿಂದ ಪ್ರಯೋಗಗಳನ್ನು ನಡೆಸಿದರು. ಪ್ರವಾಹವು ಹತ್ತು ಹದಿನೈದು ಮಿಲಿಆಂಪಿಯರಿನಷ್ಟಾದರೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲಾಗದ ಸ್ಥಿತಿ ಉಂಟಾಗುತ್ತದೆಂದು ಅವರು ಕಂಡರು. 1961ರಲ್ಲಿ ಅವರು, ಕೇವಲ 5 ಮಿಲಿಆಂಪಿಯರ್ ಸೋರಿಕೆಯನ್ನು ಗುರುತಿಸಿ ಪ್ರವಾಹವನ್ನು ನಿಲ್ಲಿಸುವ ಸಾಧನವೊಂದನ್ನು ರಚಿಸಿದರು.

ಇಂಥ ಸಾಧನಕ್ಕೆ ಶೇಷಪ್ರವಾಹ ವಿಚ್ಛೇದಕ ಎಂದು ಹೆಸರಿಡಬಹುದು. ನಮ್ಮ ಅಂಗಡಿಗಳಲ್ಲಿ ದೊರೆಯುವ ಇದರ ಒಂದು ಬಗೆಯನ್ನು ಆರ್‌.ಸಿ.ಸಿ.ಬಿ. ಎನ್ನುತ್ತಾರೆ. ಇದರ ತತ್ತ್ವ ಬಹು ಸರಳ. ಸಜೀವ ತಂತಿಯಲ್ಲಿ ಹೋದ ಪ್ರವಾಹವೆಲ್ಲವೂ ತಟಸ್ಥ ತಂತಿಯಲ್ಲಿ ಹಿಂದಿರುಗಬೇಕು. ಸಾಧನದೊಳಗೆ ಉಂಗುರಾಕಾರದ ಕಾಂತೀಯ ತಿರುಳೊಂದಿದೆ. ಎರಡು ತಂತಿಗಳೂ ಅದರ ಮೂಲಕವೇ ಹಾಯುತ್ತವೆ. ಹೋದದ್ದು, ಬಂದದ್ದು ಸಮವಾಗಿದ್ದರೆ ಅವುಗಳ ಕಾಂತಪರಿಣಾಮಗಳು ಪರಸ್ಪರ ವಿರುದ್ಧವಾಗಿದ್ದು ಅಳಿದುಹೋಗುತ್ತವೆ. ಯಾರದಾದರೂ ದೇಹದ ಮೂಲಕ ಪ್ರವಾಹ ಭೂಮಿಗೆ ಸೋರಿದರೆ ಅಷ್ಟು ಪಾಲು ಹಿಂದಿರುಗುವುದಿಲ್ಲ, ಸಮತೋಲ ಕೆಡುತ್ತದೆ. ಆಗ ಉಂಗುರಕ್ಕೆ ಸುತ್ತಿದ ಮೂರನೆಯ ಸುರುಳಿಯಲ್ಲಿ ಪ್ರವಾಹ ಹುಟ್ಟಿ, ಕೊಂಡಿಯನ್ನು ಸಡಿಲಿಸಿ, ಎರಡು ತಂತಿಗಳನ್ನೂ ಒಮ್ಮೆಲೇ ಕಡಿಯುತ್ತದೆ. ಪೈಸೆ ಪೈಸೆಗೂ ಜಮಾಖರ್ಚು ನೋಡುವ ಲೆಕ್ಕಿಗನಂತೆ ಇದರ ನಡೆ.

ಮನೆಗಳಲ್ಲಿ ಬಳಸುವ ಸಾಧನವು 30 ಮಿಲಿಆಂಪಿಯರ್ ವ್ಯತ್ಯಾಸಕ್ಕೆ ಹೆಚ್ಚೆಂದರೆ 0.3 ಸೆಕೆಂಡಿನಲ್ಲಿ, 150 ಮಿಲಿಆಂಪಿಯರಿಗೆ 0.04 ಸೆಕೆಂಡಿನೊಳಗೆ ಪ್ರವಾಹವನ್ನು ಕಡಿಯಬೇಕು. ಆಘಾತವು ಅನುಭವಕ್ಕೆ ಬಂದೇ ಬರುತ್ತದೆ. ಆದರೆ ಪ್ರಾಣ ಹೋಗುವಷ್ಟು ಹೊತ್ತು ಅದು ನಿಲ್ಲುವುದಿಲ್ಲ.

ಆದರೂ ಈ ಲೆಕ್ಕಿಗನಿಗೆ ಮಿತಿಗಳುಂಟು. ಭೂಮಿಯ ಸಂಪರ್ಕವಿಲ್ಲದೆ ನಿಂತ ವ್ಯಕ್ತಿಯು ಒಂದು ಕೈಯಲ್ಲಿ ಸಜೀವ ತಂತಿಯನ್ನೂ ಇನ್ನೊಂದರಲ್ಲಿ ತಟಸ್ಥ ತಂತಿಯನ್ನೂ ಹಿಡಿದರೆ ಹೋದದ್ದೆಲ್ಲ ಹಿಂದಿರುಗುತ್ತದೆ. ಲೆಕ್ಕ ಸರಿಯಾಗಿಯೇ ಇರುವುದರಿಂದ ಸಾಧನ ಸುಮ್ಮನಿರುತ್ತದೆ. ಆರ್‌.ಸಿ.ಸಿ.ಬಿ.ಯು ಮಿತಿಮೀರಿದ ಪ್ರವಾಹವನ್ನು ತಡೆಯಲಾರದು. ಆದ್ದರಿಂದ ಫ್ಯೂಸ್ ಬೇಕೇ ಬೇಕು. ಭೂಸಂಪರ್ಕ ತಂತಿಯೂ ಅಷ್ಟೇ ಅಗತ್ಯ. ಗೀಸರಿನ ಲೋಹದ ಮೈಗೆ ವಿದ್ಯುತ್ತು ಸೋರಿದಾಗ ಅದು ಈ ತಂತಿಯ ಮೂಲಕ ಭೂಮಿಗೆ ಹರಿಯುತ್ತದೆ. ಯಾರೂ ಮುಟ್ಟುವ ಮೊದಲೇ ವಿಚ್ಛೇದಕ ಎಚ್ಚೆತ್ತುಕೊಳ್ಳುತ್ತದೆ.

ಈ ಸಾಧನ ಪದೇ ಪದೇ ಪ್ರವಾಹವನ್ನು ನಿಲ್ಲಿಸಿದರೆ ಕೆಲವರು ಬೇಸತ್ತು ಅದನ್ನೇ ತೆಗೆದುಹಾಕಿಸುತ್ತಾರೆ. ಇದು ಕಳ್ಳನನ್ನು ಕಂಡು ಬೊಗಳಿದ ನಾಯಿಯನ್ನು ಮನೆಯಿಂದ ಅಟ್ಟಿದಂತೆ. ಎಲ್ಲಿಯೋ ಸೋರಿಕೆಯಿದೆ ಎಂಬುದೇ ಅದರ ಸೂಚನೆ. ನುರಿತ ವಿದ್ಯುತ್ ಕೆಲಸಗಾರರಿಂದ ಅದನ್ನು ಹುಡುಕಿಸಿ ಸರಿಪಡಿಸಬೇಕು. ಸಾಧನದ ಮುಖದ ಮೇಲೆ ಪರೀಕ್ಷಾ ಗುಂಡಿಯೊಂದಿರುತ್ತದೆ. ತಯಾರಕರು ಹೇಳಿದ ಅವಧಿಗೊಮ್ಮೆ ಅದನ್ನು ಹಿರಿಯರ ಸಮ್ಮುಖದಲ್ಲಿ ಒತ್ತಿನೋಡಿರಿ. ದೀಪಗಳು ಆರಿದರೆ ಸಾಧನದ ಕೊಂಡಿ ಸರಿಯಾಗಿ ಕೆಲಸಮಾಡುತ್ತಿದೆಯೆಂದು ತಿಳಿಯಿರಿ. ಆರದಿದ್ದರೆ ತಡಮಾಡದೆ ಅದನ್ನು ಬದಲಾಯಿಸಲು ಮನೆಯವರಿಗೆ ತಿಳಿಸಿರಿ.