ಕಾರಿನ ಇಂಜಿನ್ನಿಗೂ ಒತ್ತಡದ ಕಾಯಿಲೆ

ರಕ್ತದ ಒತ್ತಡ, ಸಿಹಿಮೂತ್ರ, ಹೃದಯದ ಜೋಪಾನ ಇವುಗಳನ್ನು ಕುರಿತು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ವೈದ್ಯಮಿತ್ರರು ಬರೆಯುತ್ತ ಬಂದಿದ್ದಾರೆ. ಆ ಸಾಲಿನಲ್ಲಿ ಕಾರಿನ ಇಂಜಿನ್ನಿನ ಒತ್ತಡವನ್ನು ತಂದು ಕೂರಿಸುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಈ ಕಾಯಿಲೆಯೂ ಮೊದಮೊದಲು ಗುಟ್ಟಾಗಿ ಬೆಳೆಯುತ್ತದೆ. ಕಾರಣ ಒಂದಿದ್ದರೆ ಚಿಕಿತ್ಸೆ ಮತ್ತೊಂದಕ್ಕೆ ನಡೆಯುತ್ತದೆ. ಕಡೆಗೆ ಮನೆಯವರ ಆರೋಗ್ಯಕ್ಕೂ ಸಂಬಂಧಿಸುತ್ತದೆ. ನಾನು ವಾಣಿಜ್ಯಶಾಸ್ತ್ರ ಓದಿದವನು, ಯಂತ್ರಶಾಸ್ತ್ರವನ್ನಲ್ಲ. ಹಳೆಯ ವಾಹನಗಳ ಮೇಲಿನ ಸಾಲದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಬಹುಕಾಲ ನನ್ನ ಪಾಲಿಗಿದ್ದುದರಿಂದ, ಹೊಳೆಯುವ ಬಣ್ಣದ ಕೆಳಗೆ ಏನಿದೆಯೆಂದು ಕೇಳಿ ತಿಳಿಯುವ ಅಭ್ಯಾಸ ಬೆಳೆಯಿತು, ಅಷ್ಟೆ.

ನಮ್ಮ ಹೈದರಾಬಾದಿನಲ್ಲಿ ಈ ಪ್ರಶ್ನೆ ಈಗ ಮನೆಮನೆಯದಾಗಿದೆ. 2007ರಲ್ಲಿ ಬಂದ ಸ್ವಿಫ್ಟ್ ಡೀಸೆಲ್ಲಿನ 1248 ಘನ ಸೆಂಟಿಮೀಟರಿನ ಟರ್ಬೊ ಇಂಜಿನ್ನು, ಬಿಡದಿಯಲ್ಲಿ ತಯಾರಾಗುತ್ತಿದ್ದ ಇನ್ನೋವಾದ ಎರಡೂವರೆ ಲೀಟರಿನ ಟರ್ಬೊ ಇಂಜಿನ್ನು, ಇವುಗಳನ್ನು ನೆಚ್ಚಿಕೊಂಡು ಬೆಂಗಳೂರು, ಕಲಬುರಗಿ, ರಾಯಚೂರು, ಧಾರವಾಡಗಳ ಹಾದಿ ಸವೆಸಿದ ಕುಟುಂಬಗಳು ಅನೇಕ. ಮಾರುತಿ ಸಂಸ್ಥೆ 2020ರ ಏಪ್ರಿಲಿನಲ್ಲಿ ಡೀಸೆಲ್ ಕಾರುಗಳ ಮಾರಾಟವನ್ನೇ ನಿಲ್ಲಿಸಿತು. ಹಾಗಾಗಿ ರಸ್ತೆಯಲ್ಲಿರುವ ಅದರ ಡೀಸೆಲ್ ಕಾರುಗಳೆಲ್ಲ ವಯಸ್ಸಾದವೇ. ದೆಹಲಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಮೇಲೆ, ಅಲ್ಲಿನ ಹಳೆಯ ಕಾರುಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೂ ಹರಿದುಬಂದವು. ಕೊಳ್ಳುವವರು ಓಡಿದ ಕಿಲೋಮೀಟರಿನ ಅಂಕೆಯನ್ನು ನೋಡುತ್ತಾರೆ. ಆ ಅಂಕೆಯನ್ನು ತಿದ್ದುವುದು ಸುಲಭ. ಇಂಜಿನ್ನಿನ ಒಳ ಒತ್ತಡವನ್ನು ತಿದ್ದುವುದು ಅಷ್ಟು ಸುಲಭವಲ್ಲ.

ಒತ್ತಡ ಎಲ್ಲಿಂದ ಬರುತ್ತದೆಂದು ಮೊದಲು ನೋಡೋಣ. ಸಿಲಿಂಡರಿನೊಳಗೆ ಪಿಸ್ಟನ್ನು ಮೇಲೆ ಕೆಳಗೆ ಓಡಾಡುತ್ತದೆ. ಅದರ ಕೆಳಗೆ, ಕ್ರ್ಯಾಂಕ್ ದಂಡ ತಿರುಗುವ ಮತ್ತು ಎಣ್ಣೆ ನಿಲ್ಲುವ ಕೋಣೆಯೇ ಕ್ರ್ಯಾಂಕ್‌ಕೇಸ್. ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಹದಿನೇಳು ಪಾಲಿನ ಆಸುಪಾಸಿಗೆ ಕುಗ್ಗಿಸಿ, ಇಂಧನ ಉರಿಸಿದಾಗ ಪಿಸ್ಟನ್ನಿನ ಮೇಲೆ ವಾತಾವರಣದ ನೂರು ಪಟ್ಟಿಗೂ ಮಿಕ್ಕ ಒತ್ತಡ ಉಂಟಾಗುತ್ತದೆ. ಇದನ್ನು ತಡೆದು ನಿಲ್ಲಿಸುವುದು ಪಿಸ್ಟನ್ನಿನ ಸುತ್ತಲಿನ ತೆಳುವಾದ ಕೆಲವು ರಿಂಗುಗಳು. ಅವು ಎಷ್ಟೇ ಹೊಸದಾಗಿರಲಿ, ಅಲ್ಪಸ್ವಲ್ಪ ಅನಿಲ ಕೆಳಗೆ ನುಸುಳಿಯೇ ತೀರುತ್ತದೆ. ನಮ್ಮ ಊರಿನ ಮೆಕ್ಯಾನಿಕ್ಕುಗಳು ಇದನ್ನು ‘ಬ್ಯಾಕ್ ಕಂಪ್ರೆಷನ್’ ಎಂದು ಕರೆಯುತ್ತಾರೆ. ಹೀಗೆ ನುಸುಳಿದ ಅನಿಲವನ್ನು ಹೊರಗೆ ಕಳಿಸಲು ಬ್ರೀದರ್ ಎಂಬ ಉಸಿರುಗೊಳವೆಯುಂಟು. ಒಂದು ಕಾಲದಲ್ಲಿ ಅದನ್ನು ನೇರವಾಗಿ ಬೀದಿಗೆ ಬಿಡುತ್ತಿದ್ದರು. ಲಾಸ್ ಏಂಜಲೀಸಿನ ಹೊಗೆಮಂಜಿನ ಮೂಲವನ್ನು ಹುಡುಕಿದಾಗ ಇದೂ ಒಂದು ಅಪರಾಧಿಯೆಂದು ತಿಳಿದು, 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯವು ಅನಿಲವನ್ನು ಮತ್ತೆ ಇಂಜಿನ್ನಿಗೇ ಎಳೆದು ಸುಡಬೇಕೆಂದು ವಿಧಿಸಿತು. ಇಂದಿನ ಕಾರುಗಳಲ್ಲಿ ಈ ಕೊಳವೆ, ಎಣ್ಣೆಯ ತುಂತುರನ್ನು ಬೇರ್ಪಡಿಸುವ ಒಂದು ಡಬ್ಬಿಯನ್ನು ದಾಟಿ, ಟರ್ಬೊದ ಮುಂದಿನ ಗಾಳಿಯ ದಾರಿಗೆ ಸೇರುತ್ತದೆ.

ಅಂದರೆ ಇದು ಜಮಾ–ಖರ್ಚಿನ ಲೆಕ್ಕ. ಒಳಬರುವುದು ಹೆಚ್ಚಿದರೂ ಒತ್ತಡ ಏರುತ್ತದೆ. ಹೊರಹೋಗುವುದು ಕಟ್ಟಿಕೊಂಡರೂ ಏರುತ್ತದೆ. ಬಹಳಷ್ಟು ಜನ ಮೊದಲನೆಯದನ್ನೇ ಊಹಿಸಿಕೊಂಡು ಇಂಜಿನ್ ಬಿಚ್ಚಿಸಲು ಹೊರಡುತ್ತಾರೆ.

ಲಕ್ಷಣಗಳು ಹೀಗಿರುತ್ತವೆ. ಎಣ್ಣೆಯ ಅಳತೆಕೋಲು, ಅಂದರೆ ಡಿಪ್‌ಸ್ಟಿಕ್, ತಾನಾಗಿ ಮೇಲೆದ್ದು ಬಂದಿರುತ್ತದೆ. ಕ್ರ್ಯಾಂಕ್ ದಂಡದ ಆಯಿಲ್ ಸೀಲು ಹೊಸದು ಹಾಕಿಸಿದರೂ ಆರೇ ತಿಂಗಳಲ್ಲಿ ಮತ್ತೆ ಜಿನುಗುತ್ತದೆ. ಇಂಟರ್‌ಕೂಲರಿನ ರಬ್ಬರು ಕೊಳವೆಯ ಒಳಗೆ ಎಣ್ಣೆ ನಿಂತಿರುತ್ತದೆ. ಏರು ಹತ್ತುವಾಗ ನೀಲಿ ಹೊಗೆ. ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಸುರಿಯಬೇಕಾದ ಪ್ರಸಂಗ. ಸೀಲುಗಳನ್ನೇ ಬದಲಾಯಿಸುತ್ತಾ ಹೋಗುವುದೆಂದರೆ, ಜ್ವರ ಬಂದವನ ಹಣೆಗೆ ತಣ್ಣೀರು ಪಟ್ಟಿ ಹಾಕುತ್ತಾ ಕೂತಂತೆ.

ಇಲ್ಲಿ ಟರ್ಬೊದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹೊರಹೋಗುವ ಹೊಗೆಯ ಬಲದಿಂದ ತಿರುಗಿ, ಒಳಗೆ ಹೆಚ್ಚು ಗಾಳಿ ತುಂಬುವ ಈ ಚಿಕ್ಕ ಯಂತ್ರದ ದಂಡ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲದು. ಅದಕ್ಕೆ ಬೇಕಾದ ಎಣ್ಣೆ ಇಂಜಿನ್ನಿನಿಂದಲೇ ಒತ್ತಡದಲ್ಲಿ ಹೋಗುತ್ತದೆ. ಮರಳುವಾಗ ಮಾತ್ರ ಒತ್ತಡವಿಲ್ಲ, ದಪ್ಪ ಕೊಳವೆಯೊಂದರಲ್ಲಿ ತನ್ನ ಭಾರದಿಂದಲೇ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಈ ಮರಳುವ ದಾರಿಯೇ ಗೊಂದಲದ ತವರು. ಟರ್ಬೊದ ಬೇರಿಂಗು, ಸೀಲುಗಳು ಸವೆದರೆ ಹೊಗೆಯೂ ಒತ್ತಿದ ಗಾಳಿಯೂ ಈ ಕೊಳವೆಯಿಂದ ಕೆಳಗಿಳಿದು ಕ್ರ್ಯಾಂಕ್‌ಕೇಸಿನ ಒತ್ತಡವನ್ನು ಹೆಚ್ಚಿಸುತ್ತವೆ. ಇದಕ್ಕೆ ವಿರುದ್ಧವಾಗಿ, ಕ್ರ್ಯಾಂಕ್‌ಕೇಸಿನಲ್ಲೇ ಬೇರೆ ಕಾರಣದಿಂದ ಒತ್ತಡ ಏರಿದ್ದರೆ, ಟರ್ಬೊದಿಂದ ಇಳಿಯಬೇಕಾದ ಎಣ್ಣೆ ಇಳಿಯಲಾರದೆ ಅಲ್ಲೇ ನಿಂತು, ಸುಸ್ಥಿತಿಯ ಸೀಲನ್ನೂ ದಾಟಿ ಹೊರಬೀಳುತ್ತದೆ. ನೋಡುವವನ ಕಣ್ಣಿಗೆ ಎರಡೂ ಒಂದೇ: ಟರ್ಬೊದಲ್ಲಿ ಎಣ್ಣೆ, ಹಿಂದೆ ನೀಲಿ ಹೊಗೆ. ‘ಟರ್ಬೊ ಹೋಯಿತು’ ಎಂಬ ತೀರ್ಪು ಕೂಡಲೇ ಬಂದುಬಿಡುತ್ತದೆ.

ನನ್ನ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರಿಗೆ ಹೀಗೆಯೇ ಆಯಿತು. ಒಂದು ಗ್ಯಾರೇಜಿನಲ್ಲಿ ಹತ್ತಾರು ಸಾವಿರ ಕೊಟ್ಟು ಹೊಸ ಟರ್ಬೊ ಹಾಕಿಸಿದರು. ಎರಡು ತಿಂಗಳಲ್ಲಿ ಅದೇ ಹೊಗೆ. ಎರಡನೆಯ ಟರ್ಬೊ ಹಾಕಿಸುವ ಮೊದಲು ಪುತ್ಲಿಬೌಲಿಯ ಕಡೆಯ ವಯಸ್ಸಾದ ಉಸ್ತಾದರೊಬ್ಬರು ಬ್ರೀದರ್ ಕೊಳವೆಯನ್ನು ಕಳಚಿ ಬೆಳಕಿಗೆ ಹಿಡಿದರು. ಇನ್ನೊಂದು ತುದಿ ಕಾಣಲಿಲ್ಲ. ಕಪ್ಪು ಕೆಸರು ಗಟ್ಟಿಯಾಗಿ ಕೂತಿತ್ತು. ಕೊಳವೆ ಮತ್ತು ಎಣ್ಣೆ ಬೇರ್ಪಡಿಸುವ ಡಬ್ಬಿ ಎರಡನ್ನೂ ಬದಲಾಯಿಸಿದ ಮೇಲೆ ಹೊಗೆ ನಿಂತಿತು.

ಆದುದರಿಂದ ಪರೀಕ್ಷೆಯ ಕ್ರಮ ಮುಖ್ಯ. ಇಂಜಿನ್ನು ಚೆನ್ನಾಗಿ ಕಾದ ಮೇಲೆ, ನಿಂತಲ್ಲೇ ಓಡುತ್ತಿರುವಾಗ ಎಣ್ಣೆ ಸುರಿಯುವ ಮುಚ್ಚಳವನ್ನು ತಿರುವಿ ಬಿಡಿಸಿ, ಬೋರಲಾಗಿ ಅದೇ ಬಾಯಿಯ ಮೇಲಿಡುವುದು ಎಲ್ಲರೂ ಮಾಡುವ ಪರೀಕ್ಷೆ. ಬಿಸಿ ಎಣ್ಣೆ ಸಿಡಿಯುವುದರಿಂದ ಮುಖ ದೂರವಿರಲಿ, ಸೀರೆಯ ಸೆರಗು, ಅಂಗಿಯ ತೋಳು ಬೆಲ್ಟಿನ ಹತ್ತಿರ ಸುಳಿಯದಿರಲಿ. ಮುಚ್ಚಳ ಸ್ವಲ್ಪ ಅದುರಿದರೆ, ತೆಳು ಆವಿ ಬಂದರೆ ಡೀಸೆಲ್ ಕಾರಿನಲ್ಲಿ ಅದು ಸಹಜ. ಹಾರಿ ಬಿದ್ದರೆ ಸಂಶಯ. ಆದರೆ ಇದು ಕೈ ಮುಟ್ಟಿ ಜ್ವರ ನೋಡಿದಂತೆ. ಇದೊಂದರಿಂದಲೇ ಕಾರನ್ನು ತಿರಸ್ಕರಿಸುವುದನ್ನಾಗಲಿ ಕೊಳ್ಳುವುದನ್ನಾಗಲಿ ನಾನು ಒಪ್ಪುವುದಿಲ್ಲ.

ಅಳತೆಗೆ ದುಬಾರಿ ಉಪಕರಣ ಬೇಕಿಲ್ಲ. ಒಂದೆರಡು ಮೀಟರು ಪಾರದರ್ಶಕ ಕೊಳವೆಯನ್ನು ಹಲಗೆಯ ಮೇಲೆ ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಕಟ್ಟಿ, ಅರ್ಧದಷ್ಟು ನೀರು ತುಂಬಿ, ಒಂದು ತುದಿಯನ್ನು ಇಂಜಿನ್ನಿಗೆ ಜೋಡಿಸಿ, ಮತ್ತೊಂದನ್ನು ಬಯಲಿಗೆ ಬಿಟ್ಟರೆ ಸಾಕು. ಕೆಲವು ಇಂಜಿನ್ನುಗಳಲ್ಲಿ ಅಳತೆಕೋಲಿನ ಕೊಳವೆ ಎಣ್ಣೆಯಲ್ಲೇ ಮುಳುಗಿರುವುದರಿಂದ ಅಲ್ಲಿ ಜೋಡಿಸಿದರೆ ಸುಳ್ಳು ಅಂಕೆ ಬರುತ್ತದೆ. ಹಳೆಯ ಮುಚ್ಚಳವೊಂದಕ್ಕೆ ರಂಧ್ರ ಕೊರೆದು ಅದರ ಮೂಲಕ ಜೋಡಿಸುವುದು ಲೇಸು. ಎರಡು ಕಡೆಯ ನೀರಿನ ಎತ್ತರದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸವೆಂದರೆ ಸುಮಾರು ಒಂದು ಮಿಲಿಬಾರ್. ಮಿತಿ ಎಷ್ಟೆಂಬುದು ಇಂಜಿನ್ನಿನಿಂದ ಇಂಜಿನ್ನಿಗೆ ಬೇರೆ, ತಯಾರಕರ ಕೈಪಿಡಿಯಲ್ಲಿರುತ್ತದೆ. ನಿಂತು ಓಡುವಾಗ ಸುಸ್ಥಿತಿಯ ಪೆಟ್ರೋಲ್ ಇಂಜಿನ್ನು ನೀರನ್ನು ತುಸು ತನ್ನ ಕಡೆಗೇ ಎಳೆಯುತ್ತದೆ. ಡೀಸೆಲ್ಲಿನಲ್ಲಿ ನೀರು ಹೆಚ್ಚುಕಡಿಮೆ ಸಮವಾಗಿಯೇ ನಿಲ್ಲುತ್ತದೆ.

ಮೊದಲ ಅಂಕೆ ಬರೆದುಕೊಂಡು, ಬ್ರೀದರ್ ಕೊಳವೆಯನ್ನು ಕಳಚಿ ಮತ್ತೊಮ್ಮೆ ಅಳೆಯಬೇಕು. ಅಂಕೆ ಇಳಿದರೆ ದಾರಿ ಕಟ್ಟಿದೆ. ಇಳಿಯದಿದ್ದರೆ ಬೇರ್ಪಡಿಸುವ ಡಬ್ಬಿಯನ್ನೂ ನೋಡಿ ಮುಂದೆ ಹೋಗಬೇಕು. ಡೀಸೆಲ್ ಕಾರಿನ ಬ್ರೇಕಿಗೆ ನಿರ್ವಾತ ಒದಗಿಸುವ ವ್ಯಾಕ್ಯೂಮ್ ಪಂಪು ತಾನು ಎಳೆದ ಗಾಳಿಯನ್ನು ಇಂಜಿನ್ನಿನೊಳಕ್ಕೇ ಬಿಡುತ್ತದೆ; ಅದರ ಕೊಳವೆ ಸೀಳಿದ್ದರೆ ಒಂದೇ ಸಮನೆ ಗಾಳಿ ಒಳಸೇರುತ್ತದೆ. ಇದನ್ನು ಯಾರೂ ನೋಡುವುದೇ ಇಲ್ಲ. ಬಳಿಕ ಟರ್ಬೊದ ಸರದಿ. ಅದರಿಂದ ಮರಳುವ ಎಣ್ಣೆಯನ್ನು ತಾತ್ಕಾಲಿಕವಾಗಿ ಬೇರೊಂದು ಪಾತ್ರೆಗೆ ಇಳಿಸಿ, ಕ್ರ್ಯಾಂಕ್‌ಕೇಸಿನ ಆ ಬಾಯಿಯನ್ನು ಮುಚ್ಚಿ ಅಳೆದಾಗ ಒತ್ತಡ ಗಣನೀಯವಾಗಿ ಇಳಿದರೆ ಟರ್ಬೊವೇ ತಪ್ಪಿತಸ್ಥ. ಇದನ್ನು ಎಣ್ಣೆಯ ಮಟ್ಟದ ಮೇಲೆ ಕಣ್ಣಿಟ್ಟು ಅನುಭವಿಯೇ ಮಾಡಬೇಕು, ಮನೆಯ ಮುಂದೆ ಅಲ್ಲ. ಟರ್ಬೊ ಇರುವ ಪೆಟ್ರೋಲ್ ಕಾರಿನಲ್ಲಿ ಇನ್ನೊಂದು ವಿಶೇಷ: ನಿಂತಾಗ ಸರಿಯಾಗಿದ್ದು, ವೇಗ ಏರಿಸಿದಾಗ ಮಾತ್ರ ಒತ್ತಡ ಹೆಚ್ಚಿದರೆ, ಏಕಮುಖ ವಾಲ್ವು ಕೆಟ್ಟು ಟರ್ಬೊದ ಗಾಳಿ ಹಿಮ್ಮುಖವಾಗಿ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತಿರಬಹುದು.

ಇಷ್ಟೂ ಸರಿಯಿದ್ದರೆ ಉಳಿದದ್ದು ರಿಂಗು, ಸಿಲಿಂಡರು. ಪ್ರತಿ ಸಿಲಿಂಡರಿಗೂ ಪಿಸ್ಟನ್ನು ಮೇಲಿದ್ದಾಗ ಒತ್ತಿದ ಗಾಳಿ ಬಿಟ್ಟು ಕಿವಿಗೊಟ್ಟು ಕೇಳುತ್ತಾರೆ. ಎಣ್ಣೆಯ ಬಾಯಿಯಲ್ಲಿ ಸದ್ದು ಬಂದರೆ ರಿಂಗಿನ ದೋಷ; ಹೊಗೆಗೊಳವೆಯಲ್ಲಿ ಬಂದರೆ ವಾಲ್ವು; ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಒಂದೇ ಸಿಲಿಂಡರು ಕೆಟ್ಟಿದ್ದರೆ ಮುಚ್ಚಳದ ಬಳಿ ಆವಿ ಬಿಟ್ಟುಬಿಟ್ಟು, ನಾಡಿಯ ಹಾಗೆ ಬರುವುದೂ ಉಂಟು. ರಿಂಗುಗಳು ಸವೆದಿರದೆ ಬರಿಯ ಮಸಿಯಿಂದ ಅಂಟಿಕೊಂಡಿರುವುದೂ ಸಾಧ್ಯ. ಕಾಚಿಗುಡದಿಂದ ಕೋಠಿಗೆ, ಅಲ್ಲಿಂದ ಮನೆಗೆ, ಇಂಜಿನ್ನು ಪೂರ್ತಿ ಕಾಯುವ ಮೊದಲೇ ನಿಲ್ಲಿಸುವ ಓಡಾಟದಲ್ಲಿ ಈ ಮಸಿ ಬೇಗ ಬೆಳೆಯುತ್ತದೆ.

ಒತ್ತಡವನ್ನು ಅಲಕ್ಷಿಸುವುದರಲ್ಲಿ ಒಂದು ದೊಡ್ಡ ಅಪಾಯವಿದೆ. ಬ್ರೀದರಿನಿಂದಲೋ ಟರ್ಬೊದಿಂದಲೋ ಎಣ್ಣೆ ಧಾರಾಳವಾಗಿ ಒಳದಾರಿಗೆ ಹೋದರೆ, ಡೀಸೆಲ್ ಇಂಜಿನ್ನು ಅದನ್ನೇ ಇಂಧನವಾಗಿ ಉರಿಸಿ ಹುಚ್ಚೆದ್ದು ಓಡತೊಡಗುತ್ತದೆ. ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ. ಆಗ ಬ್ರೇಕನ್ನು ಬಲವಾಗಿ ಒತ್ತಿ, ಅತ್ಯಂತ ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ಬಿಟ್ಟು ಇಂಜಿನ್ನನ್ನು ಉಸಿರುಗಟ್ಟಿಸಬೇಕು. ಕ್ಲಚ್ಚಿಲ್ಲದ ಕಾರಾದರೆ ಎಲ್ಲರನ್ನೂ ಇಳಿಸಿ ದೂರ ಸರಿಯುವುದೇ ಸರಿ. ಬಾನೆಟ್ ತೆಗೆದು ಕೈಯಿಂದ ಗಾಳಿಯ ಬಾಯಿ ಮುಚ್ಚುವ ಸಾಹಸ ಬೇಡ.

ಆರೋಗ್ಯದ ಮಾತಿಗೆ ಬಂದರೆ, ಸೋರುವ ಆವಿ ಮುಂಗಾಜಿನ ಕೆಳಗಿನ ಜಾಲರಿಯಿಂದ ಏರ್‌ಕಂಡೀಷನರಿನ ಗಾಳಿಯೊಡನೆ ಒಳಗೆ ಬರುತ್ತದೆ. ದೂರದ ಪ್ರಯಾಣದಲ್ಲಿ ಹಿಂದಿನ ಸೀಟಿನ ಮಕ್ಕಳಿಗೆ ತಲೆನೋವು, ಓಕರಿಕೆ ಬಂದಾಗ ಅದನ್ನು ಊಟದ ಮೇಲೆ ಹಾಕಿ ಸುಮ್ಮನಾಗಬಾರದು. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ತಿಳಿಯುತ್ತದೆ; ಜೊತೆಗಿರಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಪೆಟ್ರೋಲ್ ಕಾರಿನಲ್ಲಿ ಅದರ ಪ್ರಮಾಣ ಹೆಚ್ಚು. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಇಂಜಿನ್ನು ಓಡಿಸಿಟ್ಟು ಪರೀಕ್ಷೆ ಮಾಡುವುದು, ಚಾಲಕ ಒಳಗೆ ಏರ್‌ಕಂಡೀಷನರ್ ಹಾಕಿಕೊಂಡು ಮಲಗುವುದು, ಎರಡನ್ನೂ ತಡೆಯಬೇಕು.

ಬ್ರೀದರ್ ಕೊಳವೆಯನ್ನು ಎಣ್ಣೆ ಬದಲಾಯಿಸುವಾಗಲೆಲ್ಲ ಕಳಚಿ ನೋಡಿಸಿರಿ. ಬೆಂಗಳೂರಿನ ಹೆದ್ದಾರಿಯಲ್ಲಿ ವೇಗವಾಗಿ ಬಂದು ಊಟಕ್ಕೆ ನಿಲ್ಲಿಸುವಾಗ ಒಂದು ನಿಮಿಷ ಇಂಜಿನ್ನು ನಿಂತಲ್ಲೇ ಓಡಲಿ. ಇಲ್ಲವಾದರೆ ಕಾದ ಟರ್ಬೊದಲ್ಲಿ ನಿಂತ ಎಣ್ಣೆ ಸೀದು ಮಸಿಯಾಗುತ್ತದೆ. ಹಳೆಯ ಕಾರು ಕೊಳ್ಳುವವರು ಮಾತುಕತೆಗೆ ಮುಂಚೆ ಇಂಜಿನ್ನು ತಣ್ಣಗಿದೆಯೇ ನೋಡಿ, ತಾವೇ ಅದನ್ನು ಕಾಯಿಸಿ ಮೇಲಿನ ಪರೀಕ್ಷೆ ಮಾಡಿಸಬೇಕು; ಅಳತೆಕೋಲಿಗೆ ತಂತಿಯೋ ರಬ್ಬರೋ ಕಟ್ಟಿದ್ದರೆ ಯಾಕೆಂದು ಕೇಳಬೇಕು. ರಿಪೇರಿ ಮಾಡಿಸಿದವರು ಅದೇ ನೀರಿನ ಕೊಳವೆಯಿಂದ ಮತ್ತೆ ಅಳೆಸಿ, ಮುಂಚಿನ ಮತ್ತು ನಂತರದ ಎರಡೂ ಅಂಕೆಗಳನ್ನು ಬಿಲ್ಲಿನ ಮೇಲೆಯೇ ತಾರೀಖಿನೊಡನೆ ಬರೆಸಿಕೊಳ್ಳಬೇಕು.