ಬಿದ್ದ ಪೇಟೆ ಏಳುವ ಬಗೆ

ಹಾಸನದಿಂದ ಚನ್ನರಾಯಪಟ್ಟಣದತ್ತ ಹೋಗುವವರಿಗೆ ತೆಂಗಿನ ತೋಟಗಳು ಕಾಣಸಿಗುತ್ತವೆ. ಮಳೆ ಸತತವಾಗಿ ಕೈಕೊಟ್ಟ ವರ್ಷಗಳಲ್ಲಿ ಈ ಸೀಮೆಯ ತೋಟಗಳು ಸೊರಗುತ್ತವೆ. ಎಷ್ಟೋ ಮರಗಳು ಸುಳಿ ಒಣಗಿ ಸಾಯುತ್ತವೆ. ಮಳೆ ಮರಳಿದ ಮೇಲೆ ತೋಟ ಮತ್ತೆ ಹಸಿರಾಗುತ್ತದೆ. ಆದರೆ ಸತ್ತ ಮರ ಚಿಗುರುವುದಿಲ್ಲ. ಅದರ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಹಲವು ವರ್ಷ ಬೇಕು. ಆರ್ಥಿಕ ಮುಗ್ಗಟ್ಟಿನಲ್ಲಿ ಕುಸಿದ ಷೇರು ಪೇಟೆಯು ಚೇತರಿಸಿಕೊಳ್ಳುವ ಬಗೆಯೂ ಬಹುಮಟ್ಟಿಗೆ ಇಂತಹುದೇ.

ದೊಡ್ಡ ಉದ್ಯಮಕ್ಕೆ ಬೇಕಾದ ಬಂಡವಾಳವನ್ನು ಒಬ್ಬನೇ ಒದಗಿಸಲಾರ. ಆದುದರಿಂದ ಅದನ್ನು ಸಣ್ಣ ಪಾಲುಗಳಾಗಿ ವಿಂಗಡಿಸಿ ಜನರಿಗೆ ಮಾರುತ್ತಾರೆ. ಈ ಪಾಲೇ ಷೇರು. ಅದರ ಕ್ರಯವಿಕ್ರಯ ನಡೆಯುವ ಸ್ಥಳವೇ ಷೇರು ಪೇಟೆ. ಆಯ್ದ ಕಂಪನಿಗಳ ಷೇರುಗಳ ಬೆಲೆಯನ್ನು ಒಟ್ಟಾಗಿ ಅಳೆಯುವ ಅಂಕಿಗೆ ಸೂಚ್ಯಂಕ ಎಂದು ಹೆಸರು. ಮುಂಬಯಿ ಪೇಟೆಯ ‘ಸೆನ್ಸೆಕ್ಸ್’ 30 ಕಂಪನಿಗಳ ಸೂಚ್ಯಂಕವಾಗಿದೆ.

ಹಾಸನದ ಮಾರುಕಟ್ಟೆಗೆ ಒಂದೇ ದಿನ ಆಲೂಗೆಡ್ಡೆಯ ಮೂಟೆಗಳು ರಾಶಿ ಬಿದ್ದರೆ ಬೆಲೆ ಇಳಿಯುತ್ತದೆ. ಷೇರುಗಳ ವಿಷಯವೂ ಹಾಗೆಯೇ. ಅಮೆರಿಕದಲ್ಲಿ ತೀರಿಸಲಾರದವರಿಗೆ ಕೊಟ್ಟ ಮನೆಸಾಲಗಳು ಮುಳುಗಿ, 2008ರ ಸೆಪ್ಟೆಂಬರ್‌ನಲ್ಲಿ ಲೆಹ್ಮನ್ ಬ್ರದರ್ಸ್ ಎಂಬ ಸಂಸ್ಥೆ ದಿವಾಳಿಯಾಯಿತು. ಬ್ಯಾಂಕುಗಳು ಪರಸ್ಪರ ಸಾಲ ಕೊಡಲೂ ಅಂಜಿದವು. ವಿದೇಶೀಯರು ಇಲ್ಲಿಯ ಷೇರುಗಳನ್ನು ಮಾರಿ ಹಣವನ್ನು ಹಿಂದೆಗೆದುಕೊಂಡರು. 2008ರ ಜನವರಿಯಲ್ಲಿ 20,873 ಇದ್ದ ಸೆನ್ಸೆಕ್ಸ್ 2009ರ ಮಾರ್ಚ್‌ನಲ್ಲಿ 8,160ಕ್ಕೆ ಇಳಿಯಿತು.

ಬಿದ್ದ ಪೇಟೆಯನ್ನು ಎತ್ತುವುದು ನಂಬಿಕೆ. ಆ ನಂಬಿಕೆ ತಾನಾಗಿಯೇ ಹುಟ್ಟುವುದಿಲ್ಲ. 2008ರ ಅಕ್ಟೋಬರ್‌ನಿಂದ 2009ರ ಏಪ್ರಿಲ್‌ವರೆಗೆ ರಿಸರ್ವ್ ಬ್ಯಾಂಕು ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು ಶೇಕಡಾ 9ರಿಂದ 4.75ಕ್ಕೆ ಇಳಿಸಿತು. ಇತರ ದೇಶಗಳ ಬ್ಯಾಂಕುಗಳೂ ಬಡ್ಡಿಯನ್ನು ತಗ್ಗಿಸಿದವು. ಸರಕಾರಗಳು ವೆಚ್ಚವನ್ನು ಹೆಚ್ಚಿಸಿದವು. ಸಾಲ ಸುಲಭವಾಯಿತು, ಮುಂದೆ ಲಾಭ ಬಂದೀತೆಂಬ ಭರವಸೆ ಮೂಡಿತು. ಪೇಟೆಯು ಬರಲಿರುವ ಲಾಭವನ್ನು ಎದುರುನೋಡುವುದರಿಂದ, ಉದ್ಯೋಗ ಮತ್ತು ಸಂಬಳಗಳಿಗಿಂತ ಮೊದಲೇ ಮೇಲೇಳುತ್ತದೆ. 2010ರ ನವೆಂಬರ್‌ನಲ್ಲಿ ಸೆನ್ಸೆಕ್ಸ್ 21,000ವನ್ನು ದಾಟಿತು.

ಹಾಗೆಂದು ಎಲ್ಲ ಕಂಪನಿಗಳೂ ಚೇತರಿಸಿಕೊಂಡವೆಂದು ಭಾವಿಸಬಾರದು. ಲೆಕ್ಕಪತ್ರಗಳ ವಂಚನೆ ಬಯಲಾದ ಸತ್ಯಂ ಕಂಪನಿಯನ್ನು 2009ರ ಜನವರಿಯಲ್ಲಿ ಸೆನ್ಸೆಕ್ಸ್‌ನಿಂದ ತೆಗೆದು ಬೇರೊಂದನ್ನು ಸೇರಿಸಲಾಯಿತು. ಸತ್ತ ಮರದ ಜಾಗಕ್ಕೆ ಸಸಿ ಬಂದಂತೆ ಇದು. ದೂರದಿಂದ ನೋಡುವವನಿಗೆ ತೋಟ ಹಸಿರು. ಆ ಒಂದು ಮರವನ್ನೇ ನಂಬಿದ್ದವನಿಗೆ ನಷ್ಟ ನಷ್ಟವೇ.

ಚೇತರಿಕೆಯ ಅವಧಿಯೂ ಒಂದೇ ತೆರನಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಪಿಡುಗಿನಿಂದ ಕುಸಿದ ಸೆನ್ಸೆಕ್ಸ್ ನವೆಂಬರ್‌ನಲ್ಲಿಯೇ ಹಳೆಯ ಎತ್ತರವನ್ನು ಮೀರಿತು. ಆದರೆ 1929ರಲ್ಲಿ ಕುಸಿದ ಅಮೆರಿಕದ ಡೌ ಜೋನ್ಸ್ ಸೂಚ್ಯಂಕಕ್ಕೆ ಆ ಮಟ್ಟವನ್ನು ಮತ್ತೆ ಮುಟ್ಟಲು 25 ವರ್ಷ ಹಿಡಿಯಿತು. ಜಪಾನಿನ ನಿಕ್ಕೈ ಸೂಚ್ಯಂಕವು 1989ರ ತನ್ನ ಎತ್ತರವನ್ನು ದಾಟಿದ್ದು 2024ರಲ್ಲಿ.

ಹೊಳೆನರಸೀಪುರದ ಒಬ್ಬ ರೈತ ಸಾಲ ಮಾಡಿ ಷೇರು ಕೊಂಡನೆನ್ನೋಣ. ಅರಕಲಗೂಡಿನ ಒಬ್ಬ ವ್ಯಾಪಾರಿ ಮಗಳ ಓದಿಗೆ ಮುಂದಿನ ವರ್ಷ ಬೇಕಾದ ಹಣವನ್ನು ಅದರಲ್ಲಿ ಹಾಕಿದನೆನ್ನೋಣ. ಪೇಟೆ ಎಂದಾದರೂ ಏಳಬಹುದು. ಆದರೆ ಸಾಲದ ಕಂತೂ ಶಾಲೆಯ ಶುಲ್ಕವೂ ಅಲ್ಲಿಯವರೆಗೆ ಕಾಯುವುದಿಲ್ಲ. ಇಬ್ಬರೂ ಬೆಲೆ ಬಿದ್ದಾಗಲೇ ಮಾರಬೇಕಾಗುತ್ತದೆ. ತೆಂಗಿನ ಸಸಿ ನೆಡುವವನು ಅದರ ಫಲವನ್ನು ನಂಬಿ ಆ ವರ್ಷದ ಊಟಕ್ಕೆ ಕೂರುವುದಿಲ್ಲ. ಷೇರು ಕೊಳ್ಳುವವನಿಗೂ ಆ ವಿವೇಕ ಬೇಕು.